ಸೂರಿಲ್ಲದ ಕಾರಿಗೆ ಮನೆಯೇ ಆಸರೆ

ಇಂಗ್ಲೆಂಡಿನಲ್ಲಿ ಚಳಿಗಾಲ ಹಿಂದೆಗೆದು ಏಪ್ರಿಲ್ ತಿಂಗಳ ಎಳೆಬಿಸಿಲು ಹಿತ್ತಿಲುಗಳ ಮೇಲೆ ಬೀಳತೊಡಗಿದಾಗ, ಆ ನಾಡಿನ ಅನೇಕ ಮನೆಗಳಲ್ಲಿ ಒಂದೇ ಬಗೆಯ ದೃಶ್ಯ ಕಾಣಬರುತ್ತದೆ. ಭಾನುವಾರದ ಬೆಳಗು. ಮನೆಯ ಮಗ್ಗುಲಿನ ಮೋಟಾರು ಷೆಡ್ಡಿನ ಬಾಗಿಲು ಕಿರುಗುಟ್ಟುತ್ತ ತೆರೆಯುತ್ತದೆ. ಐದು ತಿಂಗಳಿನಿಂದ ಹಚ್ಚಡ ಹೊದ್ದು ನಿದ್ರಿಸುತ್ತಿದ್ದ ಕಾರಿನ ಮೇಲಿಂದ ಗೃಹಸ್ಥನು ಆ ಹೊದಿಕೆಯನ್ನು ಮೆಲ್ಲನೆ ಸರಿಸುತ್ತಾನೆ. ಉದ್ದನೆಯ ಮೂಗು, ಗಿಡ್ಡನೆಯ ಬೆನ್ನು, ನೆಲಕ್ಕೆ ತಾಗಿದಂತಿರುವ ಮೈ, ಎರಡೇ ಆಸನ, ಮೇಲೆ ಸೂರೆಂಬುದಿಲ್ಲ. ಮಗಳು ಕೈದೀಪ ಹಿಡಿದು ಬಗ್ಗಿ ನೋಡುತ್ತಾಳೆ. ಮನೆಯಾಕೆ ಕಾರಿನ ಲೆಕ್ಕದ ಪುಸ್ತಕವನ್ನು ತಂದಿಡುತ್ತಾಳೆ. ಎಣ್ಣೆ ಬದಲಿಸಿದ್ದು ಯಾವಾಗ, ಬ್ರೇಕಿನ ಕೊಳವೆ ಹಾಕಿದ್ದು ಯಾವಾಗ, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬುದೆಲ್ಲವೂ ಅದರಲ್ಲಿ ದಾಖಲಾಗಿರುತ್ತದೆ.

ಈ ಕಾರಿನ ಹೆಸರು ಎಂ.ಜಿ.ಬಿ. ಅದನ್ನು ತಯಾರಿಸಿದ ಕಾರ್ಖಾನೆ ಬಾಗಿಲು ಹಾಕಿ ನಾಲ್ಕು ದಶಕಗಳಿಗೂ ಮಿಕ್ಕಿತು. ಆದರೂ ಕಾರು ಅಳಿಯಲಿಲ್ಲ. ಅದನ್ನು ಉಳಿಸಿದ್ದು ಶ್ರೀಮಂತರ ಸಂಗ್ರಹಗಳಲ್ಲ, ವಸ್ತುಸಂಗ್ರಹಾಲಯಗಳೂ ಅಲ್ಲ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವ ಸಾಮಾನ್ಯರ ಷೆಡ್ಡುಗಳು. ಹಳೆಯದೊಂದು ತೆರೆದ ಕಾರನ್ನು ಮನೆಯಲ್ಲಿಯೇ ಸಾಕಿಕೊಳ್ಳುವುದೆಂದರೇನು, ಅದರಲ್ಲಿ ಅಗತ್ಯವಾದುದು ಯಾವುದು, ಬರಿಯ ಷೋಕಿ ಯಾವುದು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಅಬಿಂಗ್‌ಡನ್ನಿನ ಕೂಸು

ಆಕ್ಸ್‌ಫರ್ಡ್ ನಗರದಲ್ಲಿ ವಿಲಿಯಂ ಮಾರಿಸ್ ಎಂಬ ಉದ್ಯಮಿಗೆ ಸೇರಿದ 'ಮಾರಿಸ್ ಗ್ಯಾರೇಜಸ್' ಎಂಬ ಮಳಿಗೆಯಿತ್ತು. 1920ರ ದಶಕದಲ್ಲಿ ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್, ಸಾಧಾರಣವಾದ ಮಾರಿಸ್ ಕಾರುಗಳಿಗೆ ಚೆಲುವಾದ ಹಗುರ ಮೈಯನ್ನು ಕಟ್ಟಿಸಿ ಮಾರತೊಡಗಿದ. ಮಳಿಗೆಯ ಹೆಸರಿನ ಎರಡು ಮೊದಲಕ್ಷರಗಳು ಎಂಟು ಮೂಲೆಯ ಲಾಂಛನದೊಳಗೆ ಸೇರಿ 'ಎಂ.ಜಿ.' ಎಂಬ ಹೆಸರಾಯಿತು. 1929ರಲ್ಲಿ ಈ ಕಾರುಗಳ ತಯಾರಿಕೆ ಥೇಮ್ಸ್ ನದಿಯ ದಡದ ಅಬಿಂಗ್‌ಡನ್ ಎಂಬ ಪುಟ್ಟ ಊರಿಗೆ ವರ್ಗವಾಯಿತು. ಮುಂದಿನ ಅರ್ಧ ಶತಮಾನ ಆ ಊರಿಗೂ ಈ ಕಾರಿಗೂ ಬಿಡದ ನಂಟು.

1962ರಲ್ಲಿ ಎಂ.ಜಿ.ಬಿ. ಹೊರಬಂದಿತು. ಅದರ ಹಿಂದಿನ ಎಂ.ಜಿ.ಎ. ಕಾರಿನಲ್ಲಿ ಉಕ್ಕಿನ ಚೌಕಟ್ಟು ಬೇರೆ, ಅದರ ಮೇಲೆ ಕೂರಿಸಿದ ಮೈ ಬೇರೆ. 'ಬಿ'ಯಲ್ಲಾದರೋ ಚೌಕಟ್ಟೂ ಮೈಯೂ ಒಂದೇ. ತಗಡುಗಳನ್ನು ಮಡಿಸಿ ಬೆಸೆದ ಮೈಯೇ ಎಲ್ಲ ಭಾರವನ್ನೂ ಹೊರಬೇಕು. 1798 ಘನ ಸೆಂಟಿಮೀಟರುಗಳ ನಾಲ್ಕು ಸಿಲಿಂಡರಿನ ಎಂಜಿನ್ನು, ಸುಮಾರು 95 ಅಶ್ವಶಕ್ತಿ, ಗಂಟೆಗೆ 100 ಮೈಲಿಗೆ ತುಸು ಮಿಕ್ಕಿದ ವೇಗ. ಅಂದಿನ ದಿನಕ್ಕೆ ಅದೇನೂ ಅದ್ಭುತವಲ್ಲ. ಆದರೆ ಬೆಲೆ ಕೈಗೆಟುಕುವಂತಿತ್ತು, ಯಂತ್ರ ಗಟ್ಟಿಯಾಗಿತ್ತು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಮುಚ್ಚುವ ಹೊತ್ತಿಗೆ, ಸೂರಿರುವ ಜಿ.ಟಿ. ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದವು.

ಕನ್ನಡ ನಾಡಿಗೂ ಈ ಕಾರಿಗೂ ದೂರದ ಬಳಗವೊಂದುಂಟು. ಎಂ.ಜಿ.ಬಿ.ಯ ಎಂಜಿನ್ನು 'ಬಿ-ಸೀರೀಸ್' ಎಂಬ ವಂಶಕ್ಕೆ ಸೇರಿದುದು. ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಎರಡು ತಲೆಮಾರುಗಳ ಕಾಲ ಓಡಾಡಿದ ಅಂಬಾಸಿಡರ್ ಕಾರಿನ 1489 ಘನ ಸೆಂಟಿಮೀಟರಿನ ಎಂಜಿನ್ನೂ ಅದೇ ವಂಶದ್ದು. ಅಂಬಾಸಿಡರಿನ ಬಾನೆಟ್ಟು ಎತ್ತಿ ಕೈಮಸಿ ಮಾಡಿಕೊಂಡವನಿಗೆ ಎಂ.ಜಿ.ಬಿ.ಯ ಒಳಗು ಅಪರಿಚಿತವೆನಿಸದು. ಲಾಂಛನವಂತೂ ಇನ್ನೂ ಹತ್ತಿರ ಬಂದಿದೆ. ಎಂ.ಜಿ. ಹೆಸರು ಚೀಣಾ ದೇಶದ ಸಂಸ್ಥೆಯೊಂದರ ಕೈಸೇರಿದ ಮೇಲೆ, 2019ರಿಂದ ಅದೇ ಎಂಟು ಮೂಲೆಯ ಗುರುತು ಹೊತ್ತ ಹೊಸ ಕಾರುಗಳು ಭಾರತದ ರಸ್ತೆಗಳಿಗೂ ಇಳಿದಿವೆ. ಆದರೆ ಹೊಸದರ ಬಾನೆಟ್ಟಿನ ಕೆಳಗೆ ಮನೆಯವನು ಕೈಯಾಡಿಸುವುದಕ್ಕೆ ಹೆಚ್ಚೇನೂ ಇಲ್ಲ. ಹಳೆಯದರಲ್ಲಿ ಎಲ್ಲವೂ ಇದೆ.

ಹೊಸ್ತಿಲು ಗಟ್ಟಿಯಿದ್ದರೆ ಕಾರು ಗಟ್ಟಿ

ತೆರೆದ ಕಾರನ್ನು ಕೊಂಡವನ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಕ್ರೋಮಿಯಂ ಲೇಪದ ಬಂಪರಿನ ಮೇಲೆ, ತಂತಿಚಕ್ರಗಳ ಮೇಲೆ. ಹೋಗಬೇಕಾದುದು ಬಾಗಿಲುಗಳ ಕೆಳಗೆ.

ಸೂರಿರುವ ಕಾರಿನಲ್ಲಿ ಮೇಲಿನ ಮುಚ್ಚಿಗೆ, ಪಕ್ಕದ ಕಂಬಗಳು, ಕೆಳಗಿನ ನೆಲ ಇವೆಲ್ಲ ಸೇರಿ ಪೆಟ್ಟಿಗೆಯಂತೆ ಬಿಗಿಯಾಗಿರುತ್ತವೆ. ಪೆಟ್ಟಿಗೆಯ ಮುಚ್ಚಳವನ್ನು ಕತ್ತರಿಸಿ ಎಸೆದರೆ ಅದು ಹಿಡಿದಲ್ಲಿ ಬಳುಕುತ್ತದೆ. ತೆರೆದ ಕಾರಿನ ಪಾಡೂ ಅದೇ. ಆದುದರಿಂದ ಅದರ ಬಲವೆಲ್ಲವೂ ಬಾಗಿಲುಗಳ ಕೆಳಗೆ ಮುಂಚಕ್ರದಿಂದ ಹಿಂಚಕ್ರದವರೆಗೆ ಚಾಚಿಕೊಂಡಿರುವ ಎರಡು ಟೊಳ್ಳು ತೊಲೆಗಳಲ್ಲಿ ನೆಲೆಸಿದೆ. ಮೋಟಾರು ಕಸುಬಿನವರು ಅದನ್ನು 'ಸಿಲ್' ಎನ್ನುತ್ತಾರೆ. ಕನ್ನಡದಲ್ಲಿ ಹೊಸ್ತಿಲು ಎಂದರೆ ತಪ್ಪಾಗದು. ಎಂ.ಜಿ.ಬಿ.ಯ ಈ ಹೊಸ್ತಿಲಲ್ಲಿ ಹೊರತಗಡು ಒಂದು, ಒಳತಗಡು ಒಂದು, ಅವೆರಡರ ನಡುವೆ ನಿಂತ ಗೋಡೆಯಂತಹ ತಗಡು ಮತ್ತೊಂದು.

ಶತ್ರು ಎಲ್ಲಿಂದ ಬರುತ್ತಾನೆ? ಮುಂಚಕ್ರಗಳು ಎರಚುವ ಕೆಸರು ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಆ ಕೆಸರು ಮಳೆಯ ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಚಳಿಗಾಲದಲ್ಲಿ ಹಿಮಗಡ್ಡೆ ಕರಗಲೆಂದು ಇಂಗ್ಲೆಂಡಿನ ರಸ್ತೆಗಳಿಗೆ ಉಪ್ಪು ಚೆಲ್ಲುವ ರೂಢಿ. ಮಂಗಳೂರು, ಕಾರವಾರಗಳಲ್ಲಿ ಕಡಲ ಗಾಳಿ ಕಬ್ಬಿಣದ ಕಿಟಕಿಗಳಿಗೆ ಮಾಡುವ ಕೆಲಸವನ್ನೇ ಅಲ್ಲಿ ಈ ಉಪ್ಪು ಕಾರುಗಳಿಗೆ ಮಾಡುತ್ತದೆ. ತುಕ್ಕು ಹುಟ್ಟುವುದು ಒಳಗೆ; ಹೊರಗಿನ ಬಣ್ಣದ ಮೇಲೆ ಬಟಾಣಿ ಕಾಳಿನಷ್ಟು ಗುಳ್ಳೆ ಎದ್ದಾಗ ಒಳಗಿನ ತಗಡು ಅದೆಷ್ಟೋ ಸವೆದು ಹೋಗಿರುತ್ತದೆ.

'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆ ಹಳೆಯ ತೆರೆದ ಕಾರಿನ ಪೇಟೆಗೆ ಹೇಳಿ ಮಾಡಿಸಿದಂತಿದೆ. ಕೊಳೆತ ಒಳತಗಡಿನ ಮೇಲೆ ಹೊಸ ಹೊರತಗಡನ್ನು ಬೆಸೆದು, ಗುಂಡಿಗಳಿಗೆ ಗಾರೆಯಂತಹ ಲೇಪವನ್ನು ಮೆತ್ತಿ, ಮೇಲೆ ಕೆಂಪು ಬಣ್ಣ ಹೊಡೆದರೆ ಕಾರು ಮದುವಣಗಿತ್ತಿಯಂತೆ ಹೊಳೆಯುತ್ತದೆ. ಅದರಲ್ಲಿ ಕುಳಿತವನ ಪ್ರಾಣ ಮಾತ್ರ ಆ ಲೇಪದ ಮೇಲೆ ನಿಂತಿರುತ್ತದೆ. ಇದನ್ನು ಪತ್ತೆ ಮಾಡಲು ಎರಡು ಸುಲಭ ಪರೀಕ್ಷೆಗಳುಂಟು. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಹೊಸ್ತಿಲ ಉದ್ದಕ್ಕೂ ಸವರಿದರೆ, ಲೇಪವಿರುವ ಕಡೆ ಅದು ಅಂಟದು. ಎರಡನೆಯದಾಗಿ, ಕಾರನ್ನು ಜಾಕಿನಿಂದ ಎತ್ತುವ ಮುನ್ನ ಬಾಗಿಲಿನ ಸಂದನ್ನು ಅಳೆದಿಟ್ಟುಕೊಂಡು, ಎತ್ತಿದ ಮೇಲೆ ಮತ್ತೆ ಅಳೆಯಬೇಕು. ಸಂದು ಗಮನಾರ್ಹವಾಗಿ ಬದಲಾದರೆ, ಬಾಗಿಲು ತೆರೆಯಲು ಹಟ ಹಿಡಿದರೆ, ಮೈ ಬಳುಕುತ್ತಿದೆ ಎಂದೇ ಅರ್ಥ.

ಕಾಯಿಲೆ ಬರುವ ಮುನ್ನ ಮಾಡುವ ಚಿಕಿತ್ಸೆ ಸರಳ. ಮಳೆಗಾಲ ಮುಗಿದೊಡನೆ ನೀರಿನ ಕೊಳವೆ ಹಿಡಿದು ಮಡ್‌ಗಾರ್ಡುಗಳ ಒಳಗನ್ನು ತೊಳೆಯುವುದು. ಹೊಸ್ತಿಲ ತಳದಲ್ಲಿ ನೀರು ಸೋರಿಹೋಗಲೆಂದು ಇಟ್ಟಿರುವ ರಂಧ್ರಗಳನ್ನು ತಂತಿಯಿಂದ ಬಿಡಿಸುವುದು. ಒಣಗಿದ ಮೇಲೆ ಟೊಳ್ಳಿನೊಳಕ್ಕೆ ಉದ್ದ ನಳಿಕೆಯಿಂದ ತೆಳು ಮೇಣವನ್ನು ಸಿಂಪಡಿಸುವುದು. ಇದಿಷ್ಟನ್ನು ಹತ್ತು ವರ್ಷ ತಪ್ಪದೆ ಮಾಡಿದವನು ಬೆಸುಗೆಯವನ ಮುಖ ನೋಡಬೇಕಾಗುವುದು ಅಪರೂಪ. ಹೊಸ್ತಿಲು ಕೊಳೆತೇ ಹೋಗಿದ್ದರೆ ಅದು ನುರಿತ ಕೈಯ ಕೆಲಸ. ಹಳೆಯ ತಗಡನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಬಿಗಿಯದಿದ್ದರೆ ಇಡೀ ಮೈ ನಡುವಿನಲ್ಲಿ ಬಾಗಿ, ಮತ್ತೆಂದೂ ಬಾಗಿಲು ಸರಿಯಾಗಿ ಮುಚ್ಚದಂತಾಗುತ್ತದೆ.

ತೀರ ಜೀರ್ಣವಾದ ಕಾರಿಗೂ ಒಂದು ದಾರಿ ತೆರೆಯಿತು. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ, ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, ಎಂ.ಜಿ.ಬಿ.ಗೆ ಹೊಚ್ಚಹೊಸ ಮೈಯನ್ನೇ ಒತ್ತಿ ಮಾರತೊಡಗಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷಗಳ ಮೇಲೆ ಹಳೆಯ ಜೀವಕ್ಕೆ ಹೊಸ ದೇಹ ದೊರೆತಂತಾಯಿತು.

ಪರೀಕ್ಷಕನಿಲ್ಲದ ಪರೀಕ್ಷೆ

ಬ್ರಿಟನ್ನಿನಲ್ಲಿ ಪ್ರತಿ ವರ್ಷ ಕಾರುಗಳನ್ನು ತಪಾಸಣೆಗೆ ಒಪ್ಪಿಸಬೇಕೆಂಬ ಕಾನೂನುಂಟು. ಆದರೆ 2018ರ ಮೇ ತಿಂಗಳಿನಿಂದ, 40 ವರ್ಷ ದಾಟಿದ ಮತ್ತು ಮೂಲಸ್ವರೂಪ ಹೆಚ್ಚಾಗಿ ಮಾರ್ಪಡದ ಕಾರುಗಳಿಗೆ ಅದರಿಂದ ವಿನಾಯಿತಿ ದೊರೆಯಿತು. 1980ರಲ್ಲಿ ತಯಾರಾದ ಕಟ್ಟಕಡೆಯ ಎಂ.ಜಿ.ಬಿ.ಯೂ ಈಗ ಆ ವಯಸ್ಸನ್ನು ದಾಟಿದೆ. ಹಲವರು ಇದನ್ನು ಖರ್ಚು ಉಳಿಯಿತೆಂದು ಸ್ವಾಗತಿಸಿದರು. ವಿವೇಕಿಗಳು ಹಾಗೆಣಿಸಲಿಲ್ಲ. ಪರೀಕ್ಷೆ ಹೋದರೂ ಹೊಣೆ ಹೋಗಲಿಲ್ಲ. ರಸ್ತೆಗಿಳಿಸುವ ಕಾರು ಸುಸ್ಥಿತಿಯಲ್ಲಿರಬೇಕೆಂಬ ಕಾನೂನು ಹಾಗೆಯೇ ಇದೆ. ಆದುದರಿಂದ ಎಷ್ಟೋ ಮಂದಿ ಸ್ವಇಚ್ಛೆಯಿಂದಲೇ ವರ್ಷಕ್ಕೊಮ್ಮೆ ಕಾರನ್ನು ತಪಾಸಣೆಗೆ ಕೊಡುತ್ತಾರೆ. ಉಳಿದವರಿಗೆ ತಮ್ಮ ಷೆಡ್ಡಿನಲ್ಲಿ ತಾವೇ ಪರೀಕ್ಷಕರು.

ಹಾಗೆ ಪರೀಕ್ಷೆಗೆ ಕೂರುವವನು ಮೊದಲು ನೋಡಬೇಕಾದುದು ಬ್ರೇಕು. ಎಂ.ಜಿ.ಬಿ.ಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಬ್ರಿಟನ್ನಿನಲ್ಲಿ ಮಾರಾಟವಾದ ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ಒಂದೇ ಜಾಡು. ಎಲ್ಲಿಯಾದರೂ ಒಂದು ರಬ್ಬರು ಕೊಳವೆ ಒಡೆದರೆ ಕಾಲಿನ ಬ್ರೇಕು ಸಂಪೂರ್ಣ ನಿಷ್ಫಲ, ಕೈಬ್ರೇಕೊಂದೇ ಗತಿ. ರಬ್ಬರು ಕೊಳವೆ ಮೇಲುನೋಟಕ್ಕೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುವುದೂ ಉಂಟು. ಬ್ರೇಕಿನ ಎಣ್ಣೆಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ತೇವ ಹೀರಿದ ಎಣ್ಣೆ ಘಾಟಿಯ ಇಳಿಜಾರಿನಲ್ಲಿ ಕಾದು ಕುದಿದರೆ ಕಾಲಡಿಯ ಪೆಡಲು ನೆಲಕ್ಕಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುವುದು ಕ್ಷೇಮ. ಕಾರು ಎಷ್ಟು ಮೈಲಿ ಓಡಿತೆಂಬುದು ಇಲ್ಲಿ ಲೆಕ್ಕವಲ್ಲ.

ಎರಡನೆಯದು ಗ್ರೀಸು. ಮುಂಚಕ್ರಗಳು ತಿರುಗುವ 'ಕಿಂಗ್‌ಪಿನ್'ಗಳಿಗೆ ಸಣ್ಣ ಸಣ್ಣ ನಿಪ್ಪಲುಗಳಿದ್ದು, ಸುಮಾರು 3,000 ಮೈಲಿಗೊಮ್ಮೆ ಅವುಗಳಲ್ಲಿ ಗ್ರೀಸು ತುಂಬಬೇಕು. ಇಂದಿನ ಕಾರುಗಳಿಗೆ ಈ ಉಪಚಾರವಿಲ್ಲದ ಕಾರಣ ಇಂದಿನ ಕಾರ್ಖಾನೆಗಳ ಹುಡುಗರು ಇದನ್ನು ಮರೆತೇಬಿಡುತ್ತಾರೆ. ಚಕ್ರವನ್ನು ನೆಲದಿಂದ ಮೇಲೆತ್ತಿ, ಭಾರ ಇಳಿಸಿ ಗ್ರೀಸು ಹೊಡೆದರೆ ಅದು ಬೇಕಾದ ಜಾಗವನ್ನು ಸೇರುತ್ತದೆ. ಹಾಗೆ ಎತ್ತಿದ ಕಾರಿನ ಕೆಳಗೆ ಬರಿಯ ಜಾಕನ್ನೇ ನಂಬಿ ಯಾರೂ ನುಸುಳಬಾರದು. ಸಮತಟ್ಟಾದ ಗಟ್ಟಿ ನೆಲ, ಎರಡು ಕಡೆಗೂ ಉಕ್ಕಿನ ಸ್ಟ್ಯಾಂಡು, ಹಿಂಚಕ್ರಕ್ಕೆ ಮರದ ತುಂಡು — ಈ ಮೂರೂ ಇಲ್ಲದೆ ಮಾಡುವ ಕೆಲಸ ಸಾಹಸವಲ್ಲ, ಅವಿವೇಕ.

ಮೂರನೆಯದು ಚಕ್ರ. ತಂತಿಚಕ್ರದ ಚೆಲುವಿಗೆ ಮರುಳಾಗದವರಿಲ್ಲ. ಆದರೆ ಅದು ಬೇಡುವ ಸೇವೆಯೂ ಹೆಚ್ಚು. ಸ್ಪಾನರಿನ ತುದಿಯಿಂದ ಒಂದೊಂದೇ ಕಡ್ಡಿಯನ್ನು ತಟ್ಟುತ್ತ ಹೋದರೆ ಬಿಗಿಯಾದುದು ವೀಣೆಯ ತಂತಿಯಂತೆ ಮಿಡಿಯುತ್ತದೆ. ಸಡಿಲವಾದುದು ಮಂಕಾಗಿ ನುಡಿಯುತ್ತದೆ. ಚಕ್ರವನ್ನು ಹೊರುವ ಹಲ್ಲುಗಳಿಗೆ ಗ್ರೀಸು ಕಾಣಿಸದಿದ್ದರೆ ಅವು ಸವೆದು, ಕೊನೆಗೆ ಬ್ರೇಕು ಹಾಕಿದಾಗ ಚಕ್ರ ಜಾರುವ ಸ್ಥಿತಿ ಬರುತ್ತದೆ. ಟೈರಿನ ವಿಷಯದಲ್ಲಿ ಹಳೆಯ ಕಾರಿನವರೆಲ್ಲ ಮೋಸಹೋಗುವುದುಂಟು. ವರ್ಷಕ್ಕೆ ಸಾವಿರ ಮೈಲಿ ಓಡದ ಕಾರಿನ ಟೈರು ಸವೆಯುವುದೇ ಇಲ್ಲ, ಗೆರೆಗಳೆಲ್ಲ ಹೊಸದರಂತಿರುತ್ತವೆ. ಆದರೆ ರಬ್ಬರಿಗೂ ಮುಪ್ಪುಂಟು. ಹತ್ತು ವರ್ಷ ಕಳೆದ ಟೈರು ಎಷ್ಟೇ ಅಂದವಾಗಿ ಕಂಡರೂ ಅದನ್ನು ಬೀಳ್ಕೊಡುವುದೇ ಜಾಣತನ.

ಎಂಜಿನ್ನಿನ ಉಸಿರು

ಎಂ.ಜಿ.ಬಿ.ಯ ಎಂಜಿನ್ನು ಸಹನಶೀಲವಾದುದು. ಹೊತ್ತಿಗೆ ಸರಿಯಾಗಿ 20-50 ದರ್ಜೆಯ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುತ್ತಿದ್ದರೆ ಅದು ಬೇರೇನನ್ನೂ ಹೆಚ್ಚಾಗಿ ಬೇಡದು. ಮನೆಯವನ ಕೈಚಳಕಕ್ಕೆ ಅವಕಾಶ ದೊರೆಯುವುದು ಅದರ ಜೋಡಿ ಕಾರ್ಬುರೇಟರುಗಳಲ್ಲಿ. 'ಎಸ್.ಯು.' ಎಂದು ಹೆಸರಾದ ಇವು ಸ್ಕಿನ್ನರ್ ಮನೆತನದ ಸಹೋದರರ ಸೃಷ್ಟಿ. ಆ ಮನೆತನದ ಮೂಲ ವ್ಯಾಪಾರ ಪಾದರಕ್ಷೆಗಳದು! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಮಾಡಿದ ಮೊದಲ ಕಾರ್ಬುರೇಟರಿನೊಳಗಿದ್ದುದು ಚರ್ಮದ ತಿದಿ. ಮುಂದೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ನು ಬಂದಿತು. ತತ್ತ್ವ ಹಾಗೆಯೇ ಉಳಿಯಿತು. ಎಂಜಿನ್ನು ಎಷ್ಟು ಗಾಳಿಯನ್ನೆಳೆಯುತ್ತದೋ ಅಷ್ಟಕ್ಕೆ ತಕ್ಕಂತೆ ಪಿಸ್ಟನ್ನು ಮೇಲೇರಿ, ಅದಕ್ಕೆ ಜೋಡಿಸಿದ ಮೊನಚು ಸೂಜಿ ಪೆಟ್ರೋಲಿನ ದಾರಿಯನ್ನು ಹಿಗ್ಗಿಸುತ್ತದೆ.

ಎರಡು ಕಾರ್ಬುರೇಟರುಗಳು ಒಂದೇ ಸಮನೆ ಉಸಿರಾಡಬೇಕು. ಅದನ್ನು ಅರಿಯಲು ದುಬಾರಿ ಉಪಕರಣ ಬೇಕಿಲ್ಲ. ಗೇಣೆರಡು ಉದ್ದದ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದರೆ, ವೈದ್ಯನಿಗೆ ಸ್ಟೆತಾಸ್ಕೋಪಿನಲ್ಲಿ ಕೇಳುವಂತೆ 'ಹಿಸ್' ಎಂಬ ಸದ್ದು ಕೇಳುತ್ತದೆ. ಎರಡರಲ್ಲೂ ಸದ್ದು ಸಮನಾಗುವವರೆಗೆ ತಿರುಪನ್ನು ಸರಿಪಡಿಸುತ್ತ ಹೋಗಬೇಕು. ಬಳಿಕ ಪಿಸ್ಟನ್ನನ್ನು ಅದರ ಕೆಳಗಿನ ಸಣ್ಣ ಪಿನ್ನಿನಿಂದ ಕೂದಲೆಳೆಯಷ್ಟು ಎತ್ತಿ ನೋಡುವುದು. ಎಂಜಿನ್ನಿನ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲು ಹೆಚ್ಚಾಯಿತು. ತಟ್ಟನೆ ಇಳಿದು ನಿಲ್ಲುವಂತಾದರೆ ಕಡಿಮೆಯಾಯಿತು. ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ ಹದ ಸರಿ. ಅಡುಗೆಯ ಉಪ್ಪಿನಂತೆ ಇದು ಅನುಭವದಿಂದ ಬರುವ ಹದ. ಒಂದು ಎಚ್ಚರಿಕೆ ಮಾತ್ರ ಎಂದಿಗೂ ಮರೆಯತಕ್ಕದ್ದಲ್ಲ: ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಚಾಲೂ ಇಡಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಚ್ಚರಿಸದೆ ಕೊಲ್ಲುತ್ತದೆ.

ಕಾಲ ಬದಲಾದಂತೆ ಪೆಟ್ರೋಲೂ ಬದಲಾಯಿತು. ಸೀಸ ಬೆರೆತ ಪೆಟ್ರೋಲು ಬ್ರಿಟನ್ನಿನ ಬಂಕುಗಳಿಂದ 1999ರ ಕೊನೆಯ ಹೊತ್ತಿಗೆ ಮರೆಯಾಯಿತು. ಹಳೆಯ ಎಂಜಿನ್ನುಗಳ ವಾಲ್ವಿನ ಪೀಠಗಳನ್ನು ಸವೆಯದಂತೆ ಕಾಯುತ್ತಿದ್ದುದು ಆ ಸೀಸ. ಈಗ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಬೇಕು, ಇಲ್ಲವೆ ಪೆಟ್ರೋಲಿಗೆ ತಕ್ಕ ದ್ರವವನ್ನು ಬೆರೆಸಬೇಕು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಧಾರಣ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೂ ಎಥನಾಲ್ ಸೇರಿರಬಹುದು. ಎಥನಾಲ್ ಹಳೆಯ ರಬ್ಬರನ್ನು ಬಿರಿಯಿಸುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ತೊಟ್ಟಿಕ್ಕಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಥನಾಲಿಗೆ ತಡೆಯುವ ಹೊಸ ಕೊಳವೆಗಳ ಬೆಲೆ ಒಂದು ಮರದ ಸ್ಟೀರಿಂಗ್ ಚಕ್ರದ ಬೆಲೆಗಿಂತ ಬಹಳ ಕಡಿಮೆ. ಆದರೂ ಎಷ್ಟೋ ಕಾರುಗಳಲ್ಲಿ ಸ್ಟೀರಿಂಗು ಹೊಸದು, ಕೊಳವೆ ಹಳೆಯದು!

ತಂತಿಗಳ ತಂಟೆ

ವಿದ್ಯುತ್ತಿನ ವಿಷಯದಲ್ಲಿ ಹಳೆಯ ಎಂ.ಜಿ.ಬಿ.ಗೆ ಒಂದು ವೈಚಿತ್ರ್ಯವಿದೆ. 1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವ ಕಾರಿನ ಮೈಗೆ ಸೇರಿರುತ್ತದೆ. ಇಂದಿನ ಪದ್ಧತಿ ಅದಕ್ಕೆ ವಿರುದ್ಧ. ಇದನ್ನರಿಯದೆ ಹೊಸ ರೇಡಿಯೋ ಜೋಡಿಸಿದವನಿಗೆ ಸಂಗೀತದ ಬದಲು ಹೊಗೆ ದೊರೆಯುತ್ತದೆ. 1970ರ ದಶಕದ ನಡುವಿನವರೆಗೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು ಆಸನಗಳ ಹಿಂದೆ, ನೆಲದಡಿಯ ಗೂಡುಗಳಲ್ಲಿ ಇಡುತ್ತಿದ್ದರು. ಕಣ್ಣಿಗೆ ಬೀಳದ ಜಾಗವಾದುದರಿಂದ ಗೂಡು ತುಕ್ಕು ಹಿಡಿದು ಕಳಚುವವರೆಗೂ ಯಾರೂ ಅತ್ತ ನೋಡರು.

ವಿದ್ಯುತ್ತಿನ ತೊಂದರೆಗಳಲ್ಲಿ ಹೆಚ್ಚಿನವು ತಂತಿಯಲ್ಲಿ ಹುಟ್ಟುವುದಿಲ್ಲ, ತಂತಿಗಳು ಕೂಡುವೆಡೆಯಲ್ಲಿ ಹುಟ್ಟುತ್ತವೆ. ಒಂದೊಂದೇ ಕೂಡುವೆಡೆಯನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿಯುವುದು ಒಂದು ಸಂಜೆಯ ಕೆಲಸ. ಮುಂದೀಪದ ವಿದ್ಯುತ್ತೆಲ್ಲ ಒಂದು ಸಣ್ಣ ಸ್ವಿಚ್ಚಿನ ಮೂಲಕವೇ ಹರಿಯುವುದರಿಂದ ಬೆಳಕು ಮಂಕಾಗುತ್ತದೆ. ರಿಲೇ ಎಂಬ ಪುಟ್ಟ ಪೆಟ್ಟಿಗೆಗಳನ್ನು ಜೋಡಿಸಿದರೆ ಸ್ವಿಚ್ಚಿಗೆ ವಿಶ್ರಾಂತಿ, ದೀಪಕ್ಕೆ ಪ್ರಕಾಶ. ಹೊರಗೆ ಕಾಣದ, ಆದರೆ ಇರುಳಿನಲ್ಲಿ ಜೀವವುಳಿಸುವ ಇಂತಹ ಸೇರ್ಪಡೆಗಳೇ ನಿಜವಾದ ಅಲಂಕಾರ.

ಕೊಡೆ ಮತ್ತು ಒಡವೆ

ತೆರೆದ ಕಾರಿಗೆ ಸೂರಿಲ್ಲವೆಂದರೂ ಮಡಿಸುವ ಕೊಡೆಯೊಂದಿರುತ್ತದೆ. ಒದ್ದೆಯಿದ್ದಾಗ ಅದನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ; ಕೊರೆಯುವ ಚಳಿಯಲ್ಲಿ ಮಡಿಸಿದರೆ ಬಿರಿಯುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿಗೆ ಮೆತ್ತನೆಯ ಬಟ್ಟೆಯನ್ನಿಟ್ಟು ಮಡಿಸಬೇಕು. ಇಲ್ಲದಿದ್ದರೆ ಒಂದೇ ಬೇಸಗೆಯಲ್ಲಿ ಅದು ಗೀರು ಬಿದ್ದು ಕುರುಡಾಗುತ್ತದೆ. ಕೊಡೆ ನೆಟ್ಟಗಿದ್ದೂ ಕಾಲಡಿಯಲ್ಲಿ ನೀರು ನಿಂತರೆ, ಮುಂಗಾಜಿನ ಮುಂದಿರುವ ಗಾಳಿಕಿಂಡಿಯ ಕಡೆ ನೋಡಬೇಕು. ಅಲ್ಲಿ ಬಿದ್ದ ಮಳೆನೀರು ಹೊರಹೋಗಲೆಂದು ರಬ್ಬರಿನ ಸಣ್ಣ ಕೊಳವೆಯೊಂದಿದೆ. ತರಗೆಲೆ ಸಿಕ್ಕಿಕೊಂಡರೆ ನೀರು ಒಳಕ್ಕೆ ನುಗ್ಗುತ್ತದೆ. ರತ್ನಗಂಬಳಿಯಂತಹ ಹಾಸು ಮೇಲಿದ್ದರೆ, ಅದರ ಕೆಳಗೆ ನೆಲ ಕೊಳೆಯುತ್ತಿರುವುದು ಯಾರಿಗೂ ತಿಳಿಯದು.

ಇನ್ನು ಒಡವೆಗಳ ಮಾತು. ಕಾರನ್ನು ಸಿಂಗರಿಸುವ ಆಸೆ ಸಹಜವಾದುದು, ಅದರಲ್ಲಿ ತಪ್ಪೂ ಇಲ್ಲ. ಮರದ ಅಂಚಿನ ಸ್ಟೀರಿಂಗ್ ಚಕ್ರ, ಡಿಕ್ಕಿಯ ಮೇಲೆ ಸಾಮಾನಿಡುವ ಹೊಳೆಯುವ ಜಾಲರಿ, ಬಂಪರಿನ ಮುಂದೆ ಸಂಘಗಳ ಬಿಲ್ಲೆ ತೂಗಿಸುವ ಸಲಾಕಿ, ಜೋಡಿ ಮಂಜುದೀಪ, ಎಣ್ಣೆಯನ್ನು ತಂಪುಗೊಳಿಸುವ ರೇಡಿಯೇಟರು — ಪೇಟೆಯಲ್ಲಿ ದೊರೆಯುವ ವಸ್ತುಗಳಿಗೆ ಕೊನೆಯಿಲ್ಲ. ಅಬಿಂಗ್‌ಡನ್ನಿನ ಕಾರ್ಖಾನೆಯೇ ಇವುಗಳಲ್ಲಿ ಹಲವನ್ನು ಹೆಚ್ಚಿನ ಬೆಲೆಗೆ ಒದಗಿಸುತ್ತಿತ್ತು.

ಅನುಭವಸ್ಥರು ಇವುಗಳನ್ನು ಮೂರು ಪಂಕ್ತಿಗಳಲ್ಲಿ ಕೂರಿಸುತ್ತಾರೆ. ಮೊದಲ ಪಂಕ್ತಿ ಜೀವರಕ್ಷಣೆಯದು. ತಾನಾಗಿ ಬಿಗಿದುಕೊಳ್ಳುವ ಸೊಂಟಪಟ್ಟಿ, ಆಸನದಲ್ಲಿ ತಲೆಗೆ ಆಸರೆ, ಒಳ್ಳೆಯ ಕನ್ನಡಿ, ಬೆಂಕಿ ಆರಿಸುವ ಉಪಕರಣ ಇವು ಸೇರುವುದು ಅಲ್ಲಿ. ಎರಡನೆಯದು ನೆಮ್ಮದಿಯದು. ಬಿಸಿಲು ಮಳೆಗಳಿಂದ ಆಸನಗಳನ್ನು ಕಾಯುವ 'ಟಾನೋ' ಹೊದಿಕೆಯ ಹೊಲಿಗೆಯ ನಡುವೆ ಜಿಪ್ಪು ಇರುತ್ತದೆ. ಒಂಟಿಯಾಗಿ ಹೋಗುವವನು ಅರ್ಧವನ್ನಷ್ಟೇ ತೆರೆದು, ಪಕ್ಕದ ಆಸನವನ್ನು ಮುಚ್ಚಿಕೊಂಡೇ ಓಡಿಸಬಹುದು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳ ಬದಲು ಕೂರಿಸುವ ಎಲೆಕ್ಟ್ರಾನಿಕ್ ಸಾಧನ, ದೂರ ಪ್ರಯಾಣದಲ್ಲಿ ಎಂಜಿನ್ನಿನ ಶ್ರಮ ಇಳಿಸುವ ಓವರ್‌ಡ್ರೈವು ಸಹ ಈ ಪಂಕ್ತಿಯವೇ. ಮೂರನೆಯದು ಶುದ್ಧ ಶೃಂಗಾರ. ಮೊದಲೆರಡು ಪಂಕ್ತಿ ಉಂಡು ಎದ್ದ ಮೇಲೆ ಇದರ ಸರದಿ ಬರಬೇಕು.

ಎಲ್ಲ ಒಡವೆಗೂ ಸಲ್ಲುವ ನಿಯಮವೊಂದಿದೆ: ತೊಡಿಸಿದ್ದನ್ನು ಗಾಯ ಮಾಡದೆ ತೆಗೆಯುವಂತಿರಬೇಕು. ಜಾಲರಿಗಾಗಿ ಡಿಕ್ಕಿಯಲ್ಲಿ ಕೊರೆದ ನಾಲ್ಕು ತೂತುಗಳು ನಾಲ್ಕು ಕಡೆಯ ತುಕ್ಕಿಗೆ ಆಹ್ವಾನ. ರೇಡಿಯೋ ಪೆಟ್ಟಿಗೆಗಾಗಿ ಬಾಗಿಲ ಒಳತಗಡನ್ನು ಕತ್ತರಿಸಿದರೆ ಮುಂದೆ ಅದನ್ನು ಕೂಡಿಸುವವರಿಲ್ಲ. ಆಗಲೇ ಇರುವ ತೂತುಗಳನ್ನೇ ಬಳಸಿ, ಹಿಡಿಕೆಗಳಿಂದ ಬಿಗಿದು, ಲೋಹ ಲೋಹಕ್ಕೆ ತಾಗುವೆಡೆ ರಬ್ಬರಿನ ಬಿಲ್ಲೆಯಿಟ್ಟು ಮಾಡುವ ಕೆಲಸ ನಿಧಾನವಾದರೂ ಸರಿಯಾದುದು. ತೆಗೆದ ಹಳೆಯ ಭಾಗಗಳನ್ನು ಎಸೆಯದೆ, ಹೆಸರು ಬರೆದ ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿಡುವುದು ಮತ್ತೂ ಸರಿ. ಕಾರು ಇಂದಿನ ಒಡೆಯನೊಬ್ಬನದೇ ಅಲ್ಲ. ಅವನ ಮುಂದೆಯೂ ಅದು ಇತ್ತು, ಅವನ ಬಳಿಕವೂ ಇರಬೇಕು.

ಚಳಿಗಾಲದ ನಿದ್ರೆ

ಅಕ್ಟೋಬರ್ ಮುಗಿಯುತ್ತ ಬಂದಂತೆ ಇಂಗ್ಲೆಂಡಿನ ಎಂ.ಜಿ.ಬಿ.ಗಳು ಷೆಡ್ಡು ಸೇರುತ್ತವೆ. ಮಲಗಿಸುವುದಕ್ಕೂ ಒಂದು ಕ್ರಮವಿದೆ. ಮೈಯನ್ನೂ ಅಡಿಯನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಹಳೆಯ ಎಣ್ಣೆಯಲ್ಲಿ ಆಮ್ಲದಂಶ ಸೇರಿರುವುದರಿಂದ ಹೊಸ ಎಣ್ಣೆ ತುಂಬಿಯೇ ನಿಲ್ಲಿಸುವುದು ಒಳ್ಳೆಯದು. ರೇಡಿಯೇಟರಿನಲ್ಲಿ ಹಿಮಗಟ್ಟದ ದ್ರವ ತಕ್ಕಷ್ಟಿರಬೇಕು. ಬರಿಯ ನೀರಿದ್ದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನಿನ ಎರಕವನ್ನೇ ಸೀಳಬಲ್ಲುದು. ಚಕ್ರಗಳಿಗೆ ಮರದ ತುಂಡು ಕೊಟ್ಟು ಕೈಬ್ರೇಕನ್ನು ಸಡಿಲಿಸಬೇಕು, ಟೈರುಗಳಿಗೆ ಗಾಳಿ ತುಸು ಹೆಚ್ಚು ತುಂಬಬೇಕು, ಬ್ಯಾಟರಿಯನ್ನು ಬಿಚ್ಚಿ ಆಗಿಂದಾಗ್ಗೆ ಚಾರ್ಜು ಮಾಡುತ್ತಿರಬೇಕು. ಮೇಲೆ ಹೊದಿಸುವ ಹಚ್ಚಡ ಗಾಳಿಯಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಕಾರು ತನ್ನ ಬೆವರಿನಲ್ಲಿ ತಾನೇ ಕೊಳೆಯುತ್ತದೆ.

ಈ ಹವ್ಯಾಸದಲ್ಲಿ ಒಂಟಿತನವಿಲ್ಲ. 1930ರಲ್ಲಿ ಹುಟ್ಟಿದ ಎಂ.ಜಿ. ಕಾರ್ ಕ್ಲಬ್, 1973ರಲ್ಲಿ ಹುಟ್ಟಿದ ಎಂ.ಜಿ. ಓನರ್ಸ್ ಕ್ಲಬ್ ಎಂಬ ಎರಡು ಸಂಘಗಳು ಹಳೆಯ ಒಡೆಯರ ಅನುಭವವನ್ನು ಹೊಸ ಒಡೆಯರಿಗೆ ದಾಟಿಸುತ್ತ ಬಂದಿವೆ. ಆದರೆ ಯಾವ ಸಂಘವೂ ಕಲಿಸಲಾರದ ಪಾಠ ಮನೆಯಲ್ಲೇ ನಡೆಯುತ್ತದೆ. ಕೈದೀಪ ಹಿಡಿದು ಬಗ್ಗಿದ್ದ ಹುಡುಗಿ ಮುಂದಿನ ವರ್ಷ ಗ್ರೀಸಿನ ಗನ್ನು ಹಿಡಿಯುತ್ತಾಳೆ. ಅದರ ಮುಂದಿನ ವರ್ಷ ರಬ್ಬರು ಕೊಳವೆಯನ್ನು ಕಿವಿಗಿಟ್ಟುಕೊಂಡು ಎರಡು ಕಾರ್ಬುರೇಟರುಗಳ ಉಸಿರನ್ನು ಹೋಲಿಸುತ್ತಾಳೆ. ವಸ್ತು ಕೆಟ್ಟರೆ ಎಸೆಯುವುದಲ್ಲ, ಏಕೆ ಕೆಟ್ಟಿತೆಂದು ಕೇಳುವುದು. ಹೊಳೆಯುವುದನ್ನು ನಂಬುವುದಲ್ಲ, ಹೊಸ್ತಿಲ ಕೆಳಗೆ ನೋಡುವುದು. ಇದನ್ನು ಕಲಿತವಳಿಗೆ ಅದು ಕಾರಿನಾಚೆಗೂ ಉಪಯೋಗಕ್ಕೆ ಬಂದೀತು.

ಕೊನೆಗೊಂದು ಮಧ್ಯಾಹ್ನ ಕೆಲಸವೆಲ್ಲ ಮುಗಿದು, ಕೊಡೆ ಮಡಿಸಿ, ತಂದೆಮಗಳು ಊರಾಚೆಯ ಹಳ್ಳಿಯ ದಾರಿ ಹಿಡಿಯುತ್ತಾರೆ. ಬೇಲಿಯ ಹೂವಿನ ಕಂಪು, ಉತ್ತ ಹೊಲದ ಮಣ್ಣಿನ ವಾಸನೆ, ತಲೆಯ ಮೇಲೆ ತೇಲುವ ಮೋಡ ಎಲ್ಲವೂ ಅವರ ಜೊತೆಗೇ ಸಾಗುತ್ತವೆ. ಮನೆಗೆ ಮರಳಿದ ಮೇಲೆ ಹುಡುಗಿ ಲೆಕ್ಕದ ಪುಸ್ತಕ ತೆಗೆದು, ತಾರೀಖು ಹಾಕಿ, ಓಡಿದ ಮೈಲಿಗಳನ್ನು ಬರೆದಿಡುತ್ತಾಳೆ.